ಐನೂರು ಡಾಲರಿನ ಫೆಲೋಶಿಪ್, ನಲವತ್ತನಾಲ್ಕು ವರ್ಷದ ಪಿಎಚ್.ಡಿ.

1926ರ ಫೆಬ್ರವರಿ 22. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಅಂದು ಐವತ್ತು ತುಂಬಿದ ಸಂಭ್ರಮ. ಆ ಸಮಾರಂಭದಲ್ಲಿ 78 ವರ್ಷದ ವೃದ್ಧೆಯೊಬ್ಬರು ಪಿಎಚ್.ಡಿ. ಪದವಿ ಪಡೆದರು. ಹೆಸರು ಕ್ರಿಸ್ಟೀನ್ ಲ್ಯಾಡ್-ಫ್ರಾಂಕ್ಲಿನ್. ಇಳಿವಯಸ್ಸಿನಲ್ಲಿ ಓದುವ ಹಂಬಲ ಹುಟ್ಟಿ ಪರೀಕ್ಷೆಗೆ ಕೂತವರ ಕಥೆ ಇದಲ್ಲ. ಆ ಪದವಿಗೆ ಬೇಕಾದ ಕೆಲಸವನ್ನೆಲ್ಲ ಅವರು 1882ರಲ್ಲಿಯೇ ಮುಗಿಸಿದ್ದರು. ಅವರ ಪ್ರಬಂಧ 1883ರಲ್ಲೇ ಅಚ್ಚಾಗಿತ್ತು. ಪದವಿಯ ಹಾಳೆ ಕೈಗೆ ಬರಲು ಮಾತ್ರ ನಲವತ್ತನಾಲ್ಕು ವರ್ಷ ಹಿಡಿಯಿತು. ವಿಶ್ವವಿದ್ಯಾಲಯದ ನಿಯಮದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ.

ಯಾವುದೋ ಹಳೆಯ ಮಡಿವಂತ ವಿದ್ಯಾಪೀಠ ಹೀಗೆ ಮಾಡಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಇದು ತನ್ನ ಕಾಲದ ಅತ್ಯಂತ ಹೊಸ ವಿಶ್ವವಿದ್ಯಾಲಯ. ಇಂದು ನಾವು ಸ್ನಾತಕೋತ್ತರ ಅಧ್ಯಯನ, ಸಂಶೋಧನೆ, ಫೆಲೋಶಿಪ್, ಸೆಮಿನಾರ್ ಎಂದು ಏನೇನು ಕರೆಯುತ್ತೇವೋ ಅದನ್ನೆಲ್ಲ ಒಂದೇ ಸೂರಿನಡಿ ತಂದು, ಅಮೆರಿಕದ ಉನ್ನತ ಶಿಕ್ಷಣದ ದಿಕ್ಕನ್ನೇ ಬದಲಿಸಿದ ಸಂಸ್ಥೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೂ ಅದಕ್ಕೂ ನಂಟಿದೆ. ಆ ಮಾತು ಮುಂದೆ ಬರುತ್ತದೆ.

‘ಖಾಸಗಿ ವಿಶ್ವವಿದ್ಯಾಲಯ’ ಎಂದೊಡನೆ ನಮ್ಮ ಕಿವಿಗೆ ಮೊದಲು ಕೇಳಿಸುವುದು ‘ಡೊನೇಷನ್’ ಎಂಬ ಶಬ್ದ. ಅದನ್ನು ತಡೆಯಲು ಕರ್ನಾಟಕದಲ್ಲಿ 1984ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಬಾಲ್ಟಿಮೋರಿನಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಅಲ್ಲಿ ವಿದ್ಯಾರ್ಥಿ ಸಂಸ್ಥೆಗೆ ಹಣ ಕೊಡುವ ಬದಲು ಸಂಸ್ಥೆಯೇ ವಿದ್ಯಾರ್ಥಿಗೆ ಹಣ ಕೊಟ್ಟು ಕರೆಯಿತು.

ಆ ಹಣ ಜಾನ್ಸ್ ಹಾಪ್ಕಿನ್ಸ್ ಎಂಬ ವ್ಯಾಪಾರಿಯದು. (ಹೆಸರು ‘ಜಾನ್’ ಅಲ್ಲ, ‘ಜಾನ್ಸ್’. ಅದು ಅವರ ಮುತ್ತಜ್ಜಿಯ ತವರಿನ ಮನೆತನದ ಹೆಸರು. ಅಮೆರಿಕದಲ್ಲೂ ಇದನ್ನು ತಪ್ಪಾಗಿ ಬರೆಯುವವರಿಗೆ ಬರವಿಲ್ಲ.) 1795ರಲ್ಲಿ ಹುಟ್ಟಿದ ಈತ ದಿನಸಿ ವ್ಯಾಪಾರದಿಂದ ಮೇಲೆ ಬಂದು, ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯ ದೊಡ್ಡ ಪಾಲುದಾರರಾದರು. ಮದುವೆಯಾಗಲಿಲ್ಲ. 1873ರ ಕೊನೆಯಲ್ಲಿ ತೀರಿಕೊಂಡಾಗ ಸುಮಾರು 70 ಲಕ್ಷ ಡಾಲರನ್ನು ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಸಮನಾಗಿ ಹಂಚಿ ಉಯಿಲು ಬರೆದಿಟ್ಟಿದ್ದರು. ವಿಶ್ವವಿದ್ಯಾಲಯ ಹೇಗಿರಬೇಕೆಂಬ ವಿವರಗಳಿಗೆ ಅವರು ಹೆಚ್ಚು ಕೈ ಹಾಕಲಿಲ್ಲ, ಅದನ್ನು ಟ್ರಸ್ಟಿಗಳಿಗೆ ಬಿಟ್ಟರು. ರೈಲ್ವೆ ಷೇರುಗಳನ್ನು ಮಾರದೆ ಉಳಿಸಿಕೊಳ್ಳಿ ಎಂಬುದು ಅವರ ಸಲಹೆ. ಈ ಸಲಹೆ ಮುಂದೆ ದುಬಾರಿಯಾಯಿತು.

<b>ಕಟ್ಟಡಕ್ಕಿಂತ ಮೊದಲು ಮನುಷ್ಯರು</b>

ಟ್ರಸ್ಟಿಗಳು ಬಾಲ್ಟಿಮೋರಿನ ವರ್ತಕರು, ವಕೀಲರು. ವಿಶ್ವವಿದ್ಯಾಲಯ ನಡೆಸಿ ಗೊತ್ತಿದ್ದವರಲ್ಲ. ಹಾರ್ವರ್ಡ್, ಕಾರ್ನೆಲ್, ಮಿಷಿಗನ್ ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನು ಕೇಳಿದರು. ಮೂವರೂ ಸೂಚಿಸಿದ್ದು ಒಂದೇ ಹೆಸರು: ಡೇನಿಯಲ್ ಕಾಯ್ಟ್ ಗಿಲ್ಮನ್. ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಗಿಲ್ಮನ್ ಅಲ್ಲಿನ ರಾಜಕಾರಣದಿಂದ ಬೇಸತ್ತಿದ್ದರು. ಬಾಲ್ಟಿಮೋರಿಗೆ ಬರಲು ಒಪ್ಪಿದರು.

ಅಂದಿನ ಅಮೆರಿಕದ ಸ್ಥಿತಿಯನ್ನು ಒಮ್ಮೆ ನೋಡಬೇಕು. ಕಾಲೇಜುಗಳಿಗೆ ಕೊರತೆಯಿರಲಿಲ್ಲ. ಆದರೆ ಅಲ್ಲಿ ನಡೆಯುತ್ತಿದ್ದುದು ಬಹುಪಾಲು ಪಾಠ ಒಪ್ಪಿಸುವ ಕೆಲಸ. ನಿಗದಿಯಾದ ಪುಸ್ತಕದ ನಿಗದಿಯಾದ ಪುಟವನ್ನು ಹುಡುಗರು ಬಾಯಿಪಾಠ ಮಾಡಿ ಬಂದು ಹೇಳುವುದು, ಗುರುಗಳು ಅಂಕ ಹಾಕುವುದು. ಹೊಸದನ್ನು ಕಂಡುಹಿಡಿಯುವುದು ಗುರುಗಳ ಕರ್ತವ್ಯದಲ್ಲಿ ಸೇರಿರಲಿಲ್ಲ, ಶಿಷ್ಯರದ್ದಂತೂ ಅಲ್ಲವೇ ಅಲ್ಲ. ಆಳವಾಗಿ ಓದಬೇಕೆಂದವರು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿದ್ದರು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಆರಂಭವಾದ ಮೇಲೆ, ಬೋಧನೆ ಮತ್ತು ಸಂಶೋಧನೆ ಒಂದೇ ನಾಣ್ಯದ ಎರಡು ಮುಖ ಎಂಬ ನಂಬಿಕೆ ಜರ್ಮನಿಯಲ್ಲಿ ಬೇರೂರಿತ್ತು. ಗಟಿಂಗೆನ್, ಲೈಪ್‌ಜಿಗ್, ಬರ್ಲಿನ್‌ಗಳಿಗೆ ಹೋಗಿ ಪಿಎಚ್.ಡಿ. ಹಿಡಿದು ಬಂದವರಿಗೆ ಸ್ವದೇಶದಲ್ಲಿ ಆ ಕೆಲಸ ಮುಂದುವರಿಸಲು ಜಾಗವಿರಲಿಲ್ಲ. ಯೇಲ್ 1861ರಲ್ಲೇ ಅಮೆರಿಕದ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟಿತ್ತು, ನಿಜ. ಆದರೆ ಅದು ಕಾಲೇಜಿನ ಹಿತ್ತಲಲ್ಲಿ ಬೆಳೆದ ಗಿಡ.

ಗಿಲ್ಮನ್ ಅದನ್ನು ಹಿತ್ತಲಿನಿಂದ ಮುಂಬಾಗಿಲಿಗೆ ತಂದರು. ಇಲ್ಲಿ ಮುಖ್ಯ ಕೆಲಸವೇ ಪದವಿ ಮುಗಿಸಿದವರ ಅಧ್ಯಯನ ಎಂದರು. ಪದಗಳಲ್ಲಿ ಒಂದು ಗೊಂದಲವಿದೆ: ನಮ್ಮಲ್ಲಿ ‘ಗ್ರಾಜುಯೇಟ್’ ಎಂದರೆ ಬಿ.ಎ., ಬಿ.ಎಸ್ಸಿ. ಮುಗಿಸಿದವರು. ಅಮೆರಿಕದವರು ‘ಗ್ರಾಜುಯೇಟ್ ಸ್ಕೂಲ್’ ಎನ್ನುವುದು ಆ ನಂತರದ ಓದಿಗೆ, ಅಂದರೆ ನಾವು ಸ್ನಾತಕೋತ್ತರ ಎಂದು ಕರೆಯುವುದಕ್ಕೆ.

1875ರಲ್ಲಿ ಗಿಲ್ಮನ್ ಯೂರೋಪಿಗೆ ಹೋಗಿ ವಿಶ್ವವಿದ್ಯಾಲಯಗಳನ್ನು ಸುತ್ತಿ, ಪ್ರಾಧ್ಯಾಪಕರನ್ನು ಹುಡುಕಿದರು. ಭವ್ಯ ಕಟ್ಟಡಗಳಿಗೆ ಹಣ ಸುರಿಯಲಿಲ್ಲ. ಬಾಲ್ಟಿಮೋರಿನ ಹೋವರ್ಡ್ ಬೀದಿಯಲ್ಲಿ ಸಾಮಾನ್ಯ ಮನೆಗಳನ್ನೇ ತೆಗೆದುಕೊಂಡು ತರಗತಿ, ಪ್ರಯೋಗಾಲಯ ಮಾಡಿದರು. ಉಳಿದ ಹಣ ಮನುಷ್ಯರಿಗೆ. ರಸಾಯನಶಾಸ್ತ್ರಕ್ಕೆ ಗಟಿಂಗೆನ್‌ನಲ್ಲಿ ಓದಿದ ಐರಾ ರೆಮ್ಸೆನ್, ಗ್ರೀಕ್ ಭಾಷೆಗೆ ಬೇಸಿಲ್ ಗಿಲ್ಡರ್‌ಸ್ಲೀವ್, ಭೌತಶಾಸ್ತ್ರಕ್ಕೆ ಇನ್ನೂ ಮೂವತ್ತು ತುಂಬದ ಹೆನ್ರಿ ರೋಲೆಂಡ್. ಗಣಿತಕ್ಕೆ ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್.

ಸಿಲ್ವೆಸ್ಟರ್ ಅವರ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಬರುವಾಗ ವಯಸ್ಸು ಅರವತ್ತು ದಾಟಿತ್ತು. ಅಮೆರಿಕದ ನೋಟಿನ ಮೇಲೆ ನಂಬಿಕೆಯಿಲ್ಲದೆ, ವರ್ಷದ 5,000 ಡಾಲರ್ ಸಂಬಳವನ್ನು ಚಿನ್ನದಲ್ಲೇ ಕೊಡಬೇಕೆಂದು ಹಟ ಹಿಡಿದರು. ಮುಖ್ಯವಾದ ಸಂಗತಿ ಬೇರೆ. ಇವರು ಯಹೂದಿ. 1837ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಬಂದರೂ ಪದವಿ ಸಿಕ್ಕಿರಲಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಿನ ತತ್ತ್ವಗಳಿಗೆ ಸಹಿ ಹಾಕಿದವರಿಗೆ ಮಾತ್ರ ಪದವಿ ಎಂಬುದು ಅಲ್ಲಿನ ನಿಯಮ. ಅದು ತೊಲಗಿ ಅವರಿಗೆ ಪದವಿ ದೊರೆತದ್ದು 1872ರಲ್ಲಿ, ಮೂವತ್ತೈದು ವರ್ಷದ ನಂತರ. ನಿಯಮದ ಕೈಯಲ್ಲಿ ಪೆಟ್ಟು ತಿಂದ ಇವರೇ ಮುಂದೆ ಇನ್ನೊಬ್ಬರ ಪರವಾಗಿ ನಿಯಮದ ಎದುರು ನಿಂತರು.

<b>ಓದುವವನಿಗೇ ಸಂಬಳ</b>

ಗಿಲ್ಮನ್ ಅವರ ಯೋಜನೆಯ ಜೀವಾಳ ಫೆಲೋಶಿಪ್. ಮೊದಲ ವರ್ಷ 20 ಫೆಲೋಶಿಪ್, ಒಂದೊಂದಕ್ಕೆ ವರ್ಷಕ್ಕೆ 500 ಡಾಲರ್. ಒಂಟಿ ಮನುಷ್ಯ ಊಟ, ಬಾಡಿಗೆ ತೆತ್ತು ವರ್ಷ ಕಳೆಯಲು ಅದು ಸಾಕಾಗುತ್ತಿತ್ತು. ಬಡ ವಿದ್ಯಾರ್ಥಿಗೆ ಕೊಡುವ ಸಹಾಯಧನ ಇದಾಗಿರಲಿಲ್ಲ. ನೀನು ಮಾಡುವ ಸಂಶೋಧನೆ ಒಂದು ಕೆಲಸ, ಅದಕ್ಕೆ ಬೆಲೆಯಿದೆ ಎಂದು ಒಪ್ಪಿಕೊಂಡು ಕೊಡುವ ಹಣ. ಎರಡಕ್ಕೂ ಇರುವ ಅಂತರ ದೊಡ್ಡದು. ನನ್ನ ಜೊತೆ ಓದಿದ ಗೆಳೆಯನೊಬ್ಬ ಪಿಎಚ್.ಡಿ.ಗೆ ಸೇರಿ, ಮಂಜೂರಾದ ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ, ಸಂಜೆ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳಿ ದಿನ ದೂಡಿದ. ಕಚೇರಿಗೆ ವಿಚಾರಿಸಲು ಹೋದಾಗಲೆಲ್ಲ ಭಿಕ್ಷೆಗೆ ಹೋದ ಹಾಗಾಗುತ್ತಿತ್ತಂತೆ. ಡಿಪ್ಲೊಮಾ ಮುಗಿಸಿ ನೇರ ಪತ್ರಿಕೆಗೆ ಸೇರಿದ ನಾನೇ ಪುಣ್ಯವಂತ ಎಂದು ಅವನ ವಾದ.

ಫೆಲೋಗಳು ಕೂತು ಪಾಠ ಕೇಳುವುದಷ್ಟೇ ಅಲ್ಲ, ಜರ್ಮನಿಯಿಂದ ತಂದ ‘ಸೆಮಿನಾರ್’ ಪದ್ಧತಿಯಲ್ಲಿ ಒಂದು ಮೇಜಿನ ಸುತ್ತ ಕೂತು ತಾವೇ ಬರೆದದ್ದನ್ನು ಓದಬೇಕು, ಗುರುವೂ ಸಹಪಾಠಿಗಳೂ ಎತ್ತಿದ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಕೊನೆಯಲ್ಲಿ, ಹಿಂದೆ ಯಾರೂ ಹೇಳಿರದ ಏನನ್ನಾದರೂ ಸ್ಥಾಪಿಸುವ ಪ್ರಬಂಧ. ಬರೆದದ್ದು ಹೊರಗೆ ಹೋಗಬೇಕಲ್ಲ? ಅದಕ್ಕೆ 1878ರಲ್ಲಿ ಸಿಲ್ವೆಸ್ಟರ್ ಗಣಿತದ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಶುರುವಾದ ವಿಶ್ವವಿದ್ಯಾಲಯದ ಮುದ್ರಣ ಸಂಸ್ಥೆ ಇಂದಿಗೂ ನಿಲ್ಲದೆ ನಡೆದಿದೆ. ಪರೀಕ್ಷೆಯ ಬಿಗಿಯೂ ಉಳಿದಿದೆ. ಈಗಲೂ ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಎದುರಿಸಬೇಕಾದ ಮೌಖಿಕ ಪರೀಕ್ಷೆಯೊಂದರಲ್ಲಿ ಐವರು ಪರೀಕ್ಷಕರಿರುತ್ತಾರೆ, ಅವರಲ್ಲಿ ಇಬ್ಬರಾದರೂ ಬೇರೆ ವಿಭಾಗದವರಾಗಿರಬೇಕು. ಗುರು ತನ್ನ ಶಿಷ್ಯನನ್ನು ತಾನೇ ದಡ ಮುಟ್ಟಿಸಿಬಿಡುವುದಕ್ಕೆ ಇದೊಂದು ತಡೆ.

ಫಲ ಬೇಗ ಕಂಡಿತು. 1878ರಲ್ಲಿ ಮೊದಲ ನಾಲ್ಕು ಪಿಎಚ್.ಡಿ.ಗಳು. ಅವರಲ್ಲೊಬ್ಬರು ತತ್ತ್ವಜ್ಞಾನಿ ಜೋಸಾಯ ರಾಯ್ಸ್. 1879ರಲ್ಲಿ ರೆಮ್ಸೆನ್ ಪ್ರಯೋಗಾಲಯದಲ್ಲಿ ಸ್ಯಾಕರಿನ್ ಸಿಕ್ಕಿತು. ಜಾನ್ ಡ್ಯೂಯಿ 1884ರಲ್ಲಿ, ವುಡ್ರೋ ವಿಲ್ಸನ್ 1886ರಲ್ಲಿ ಪದವಿ ಪಡೆದರು. ಅಮೆರಿಕದ ಅಧ್ಯಕ್ಷರಲ್ಲಿ ಪಿಎಚ್.ಡಿ. ಮಾಡಿದವರು ವಿಲ್ಸನ್ ಒಬ್ಬರೇ. ಫೆಲೋಶಿಪ್ ಸಿಗದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಉದಾಹರಣೆಯಿದೆ. ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ಥಾರ್ಸ್ಟೀನ್ ವೆಬ್ಲೆನ್ 1881ರಲ್ಲಿ ಬಂದು, ಹಣದ ನೆರವು ದೊರೆಯದೆ ಯೇಲ್‌ಗೆ ಹೊರಟುಹೋದರು.

<b>‘ಸಿ. ಲ್ಯಾಡ್’ ಬರೆದ ಅರ್ಜಿ</b>

1878ರಲ್ಲಿ ಬಂದ ಅರ್ಜಿಗಳಲ್ಲಿ ಒಂದಕ್ಕೆ ‘ಸಿ. ಲ್ಯಾಡ್’ ಎಂಬ ಸಹಿಯಿತ್ತು. ಶಾಲೆಗಳಲ್ಲಿ ಪಾಠ ಹೇಳುತ್ತ, ಲಂಡನ್ನಿನ ಪತ್ರಿಕೆಯೊಂದಕ್ಕೆ ಗಣಿತದ ಸಮಸ್ಯೆಗಳನ್ನೂ ಪರಿಹಾರಗಳನ್ನೂ ಕಳಿಸುತ್ತಿದ್ದವರು ಅವರು. ಸಿಲ್ವೆಸ್ಟರ್ ಅವುಗಳನ್ನು ಓದಿದ್ದರು, ಹೆಸರಿನ ಗುರುತು ಸಿಕ್ಕಿತು. ‘ಸಿ.’ ಎಂದರೆ ಕ್ರಿಸ್ಟೀನ್ ಎಂದು ಗೊತ್ತಾದಾಗ ಟ್ರಸ್ಟಿಗಳು ಹಿಂಜರಿದರು. ಸಿಲ್ವೆಸ್ಟರ್ ಬಿಡಲಿಲ್ಲ. ಕೊನೆಗೆ ರಾಜಿಯಾಯಿತು: ಆಕೆ ಸಿಲ್ವೆಸ್ಟರ್ ಅವರ ತರಗತಿಗಳಿಗೆ ಮಾತ್ರ ಬರಬಹುದು. ಮುಂದೆ ಆಕೆಯ ಕೆಲಸ ನೋಡಿ ಬೇರೆ ತರಗತಿಗಳೂ ತೆರೆದವು. ತರ್ಕಶಾಸ್ತ್ರವನ್ನು ಚಾರ್ಲ್ಸ್ ಪರ್ಸ್ ಅವರ ಬಳಿ ಓದಿದರು. 1879ರಿಂದ ಫೆಲೋಶಿಪ್ಪಿನ ಹಣವೂ ಬಂತು.

ಗಮನಿಸಬೇಕಾದದ್ದು ಇಲ್ಲಿದೆ. ಹಣ ಕೊಟ್ಟರು, ‘ಫೆಲೋ’ ಎಂಬ ಹೆಸರು ಕೊಡಲಿಲ್ಲ. ಅಚ್ಚಾದ ಫೆಲೋಗಳ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಇದೇ ಮೇಲ್ಪಂಕ್ತಿಯಾಗಿ ನಾಳೆ ಇನ್ನಷ್ಟು ಹೆಂಗಸರು ಬಂದಾರು ಎಂಬ ಅಂಜಿಕೆ. 1882ರಲ್ಲಿ ಕೆಲಸ ಮುಗಿಯಿತು. ಅದೇ ವರ್ಷ ಅಲ್ಲಿಯ ಗಣಿತಜ್ಞ ಫೇಬಿಯನ್ ಫ್ರಾಂಕ್ಲಿನ್ ಅವರನ್ನು ಮದುವೆಯಾದರು. ತರ್ಕಶಾಸ್ತ್ರದ ಬೀಜಗಣಿತ ಕುರಿತ ಅವರ ಪ್ರಬಂಧ ಮರುವರ್ಷ ಪರ್ಸ್ ಸಂಪಾದಿಸಿದ ಗ್ರಂಥದಲ್ಲಿ ಸೇರಿತು. ಪದವಿ ಮಾತ್ರ ಇಲ್ಲ. ಬಣ್ಣಗಳನ್ನು ಕಣ್ಣು ಹೇಗೆ ಗುರುತಿಸುತ್ತದೆ ಎಂಬ ಬಗ್ಗೆ ಮುಂದೆ ಹೆಸರಾದ ಸಿದ್ಧಾಂತ ಮಂಡಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಬಳವಿಲ್ಲದೆ ಪಾಠ ಹೇಳಿದರು.

ಇನ್ನೊಬ್ಬ ಹೆಣ್ಣುಮಗಳ ದಾರಿ ಬೇರೆ. ಮಾರ್ಥಾ ಕೇರಿ ಥಾಮಸ್ ಅವರ ತಂದೆಯೇ ಈ ವಿಶ್ವವಿದ್ಯಾಲಯದ ಟ್ರಸ್ಟಿ. 1877ರಲ್ಲಿ ಆಕೆಗೆ ಪ್ರವೇಶ ಸಿಕ್ಕಿತಾದರೂ ಸೆಮಿನಾರಿನಲ್ಲಿ ಕೂರುವಂತಿರಲಿಲ್ಲ. ಸೆಮಿನಾರಿಲ್ಲದ ಸಂಶೋಧನಾ ಅಧ್ಯಯನ ಎಂದರೆ ನೀರಿಗಿಳಿಯದ ಈಜು. ಒಂದು ವರ್ಷ ನೋಡಿ ಬಿಟ್ಟರು. ಲೈಪ್‌ಜಿಗ್‌ನಲ್ಲಿ ಓದಿದರು, ಜರ್ಮನಿಯಲ್ಲಿ ಹೆಂಗಸಿಗೆ ಪದವಿ ಇಲ್ಲವೆಂದಾಗ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಹೋಗಿ 1882ರಲ್ಲಿ ಅತ್ಯುಚ್ಚ ಶ್ರೇಣಿಯಲ್ಲಿ ಪಿಎಚ್.ಡಿ. ಗಳಿಸಿದರು. ಅಮೆರಿಕಕ್ಕೆ ಮರಳಿ, ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿನಲ್ಲಿ ಹಾಪ್ಕಿನ್ಸ್ ಮಾದರಿಯಲ್ಲೇ ಸ್ನಾತಕೋತ್ತರ ಅಧ್ಯಯನವನ್ನೂ ಫೆಲೋಶಿಪ್ಪುಗಳನ್ನೂ ಏರ್ಪಡಿಸಿದರು. ಬಾಲ್ಟಿಮೋರಿನವರಿಗೆ ಅವರು ಇನ್ನೊಮ್ಮೆ ಎದುರಾಗುವವರಿದ್ದರು.

ಅದಕ್ಕೆ ಕಾರಣವಾದದ್ದು ರೈಲ್ವೆ. 1880ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆ ಷೇರುಗಳ ಮೇಲಿನ ಲಾಭಾಂಶ ನಿಂತುಹೋಯಿತು. ದಾನಿಯ ಮಾತಿಗೆ ಗೌರವ ಕೊಟ್ಟು ಷೇರುಗಳನ್ನು ಹಿಡಿದುಕೊಂಡಿದ್ದ ವಿಶ್ವವಿದ್ಯಾಲಯದ ಆದಾಯವೇ ಬತ್ತಿತು. ಊರಿನ ಜನ ಲಕ್ಷ ಡಾಲರಿಗೂ ಮೀರಿ ಕೂಡಿಸಿಕೊಟ್ಟು ಕಾಪಾಡಿದರು. ಶುಲ್ಕವೂ ಏರಿತು. ಏರಿದ ಶುಲ್ಕಕ್ಕೆ ಬಲಿಯಾದವರಲ್ಲಿ ಒಬ್ಬರ ಹೆಸರು ಕೆಲ್ಲಿ ಮಿಲ್ಲರ್. ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರ ಓದಲು 1887ರಲ್ಲಿ ಸೇರಿದ್ದ ಅವರು ಹಾಪ್ಕಿನ್ಸ್‌ನ ಮೊದಲ ಕಪ್ಪು ವಿದ್ಯಾರ್ಥಿ. ಶುಲ್ಕ ಕಟ್ಟಲಾಗದೆ 1889ರಲ್ಲಿ ಪದವಿಯಿಲ್ಲದೆ ಹೊರಟರು, ಮುಂದೆ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಪ್ರಾಧ್ಯಾಪಕರಾದರು. ಹಾಪ್ಕಿನ್ಸ್‌ನ ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಯೊಬ್ಬರು ಮೊದಲ ಬಾರಿ ಸೇರಿದ್ದು 1945ರಲ್ಲಿ. ಒಳಗೆ ಬಿಡುವುದಿಲ್ಲ ಎಂದು ಮಿಲ್ಲರ್ ಅವರಿಗೆ ಯಾರೂ ಹೇಳಲಿಲ್ಲ. ಶುಲ್ಕದ ರಸೀದಿಯೇ ಅದನ್ನು ಹೇಳಿತು.

ಆಸ್ಪತ್ರೆ 1889ರಲ್ಲಿ ತೆರೆಯಿತು. ಅದರ ಜೊತೆ ಬರಬೇಕಿದ್ದ ವೈದ್ಯಕೀಯ ಶಾಲೆಗೆ ಹಣವಿಲ್ಲ. ಬೇಕಾದದ್ದು ಐದು ಲಕ್ಷ ಡಾಲರ್. ಆಗ ಥಾಮಸ್ ಮತ್ತು ಅವರ ಗೆಳತಿಯರು ಹಣ ಕೂಡಿಸಲು ಮುಂದೆ ಬಂದರು. ಅವರಲ್ಲಿ ಮೇರಿ ಗ್ಯಾರೆಟ್ ಎಂಬವರು ಒಬ್ಬರೇ ಮೂರು ಲಕ್ಷಕ್ಕಿಂತ ಹೆಚ್ಚು ಕೊಟ್ಟರು. ವಿಚಿತ್ರವೆಂದರೆ ಮೇರಿ ಅವರ ತಂದೆ ಅದೇ ರೈಲ್ವೆಯ ಅಧ್ಯಕ್ಷರಾಗಿದ್ದವರು. ಹಣದ ಜೊತೆ ಷರತ್ತುಗಳೂ ಬಂದವು. ಹೆಂಗಸರನ್ನು ಗಂಡಸರಿಗೆ ಸಮನಾಗಿಯೇ ಸೇರಿಸಿಕೊಳ್ಳಬೇಕು. ಸೇರುವವರು ಯಾರೇ ಆಗಲಿ, ಪದವಿ ಮುಗಿಸಿರಬೇಕು, ವಿಜ್ಞಾನ ಓದಿರಬೇಕು, ಫ್ರೆಂಚ್ ಮತ್ತು ಜರ್ಮನ್ ಬರಬೇಕು. ಅಮೆರಿಕದ ವೈದ್ಯಕೀಯ ಶಾಲೆಗಳಿಗೆ ಪ್ರೌಢಶಾಲೆ ಮುಗಿಸದವರೂ ಸೇರಬಹುದಾಗಿದ್ದ ಕಾಲವದು. ಗಿಲ್ಮನ್ ಮತ್ತು ಟ್ರಸ್ಟಿಗಳು ಇರುಸುಮುರುಸುಪಟ್ಟರು, ಹಣ ಬೇಕಿತ್ತು, ಒಪ್ಪಿದರು. 1893ರಲ್ಲಿ ಶುರುವಾದ ಮೊದಲ ತರಗತಿಯಲ್ಲಿ 18 ಮಂದಿ, ಅವರಲ್ಲಿ ಮೂವರು ಹೆಂಗಸರು. ವೈದ್ಯಕೀಯವನ್ನು ಪದವಿಯ ನಂತರದ ಓದು ಎಂದು ಅಮೆರಿಕ ಇಂದು ನೋಡುವುದಕ್ಕೆ ಈ ಷರತ್ತುಗಳ ಪಾಲು ದೊಡ್ಡದು.

ಅದೇ 1893ರಲ್ಲಿ ಭೂವಿಜ್ಞಾನಿ ಫ್ಲಾರೆನ್ಸ್ ಬ್ಯಾಸ್ಕಮ್ ಅವರಿಗೆ ವಿಶೇಷ ಅನುಮತಿಯ ಮೇಲೆ ಪಿಎಚ್.ಡಿ. ದೊರೆಯಿತು. ತರಗತಿಯಲ್ಲಿ ಗಂಡುಹುಡುಗರ ಚಿತ್ತ ಕೆಡದಿರಲೆಂದು ಅವರನ್ನು ಒಂದು ಪರದೆಯ ಹಿಂದೆ ಕೂರಿಸುತ್ತಿದ್ದರಂತೆ. ಸ್ನಾತಕೋತ್ತರ ವಿಭಾಗಗಳು ಹೆಂಗಸರಿಗೆ ನಿಯಮದಂತೆ ತೆರೆದದ್ದು 1907ರಲ್ಲಿ. ಪದವಿ ತರಗತಿಗಳು ತೆರೆಯಲು 1970 ಬರಬೇಕಾಯಿತು. ತನ್ನನ್ನು ಹೊಸಕಾಲದ ಸಂಸ್ಥೆ ಎಂದು ಕರೆದುಕೊಂಡ ಸಂಸ್ಥೆಗೆ ಇದೇನೂ ಭೂಷಣವಲ್ಲ.

<b>ಬಾಲ್ಟಿಮೋರಿನಿಂದ ಬೆಂಗಳೂರಿಗೆ</b>

ಹಾಪ್ಕಿನ್ಸ್ ಮಾದರಿ ಬೇಗ ಹರಡಿತು. 1892ರಲ್ಲಿ ರಾಕ್‌ಫೆಲ್ಲರ್ ಹಣದಿಂದ ಬಾಗಿಲು ತೆರೆದ ಷಿಕಾಗೋ ವಿಶ್ವವಿದ್ಯಾಲಯ ಆ ದಾರಿ ಹಿಡಿಯಿತು. ಹಾರ್ವರ್ಡ್‌ನಂಥ ಹಳೆಯ ಸಂಸ್ಥೆಗಳೂ ತಮ್ಮ ಸ್ನಾತಕೋತ್ತರ ವಿಭಾಗಗಳನ್ನು ಗಟ್ಟಿ ಮಾಡಿಕೊಂಡವು. ಅದೇ ದಶಕದಲ್ಲಿ ಜೆಮ್‌ಷೆಡ್‌ಜಿ ಟಾಟಾ ಅವರಿಗೆ ಭಾರತದಲ್ಲಿ ಸಂಶೋಧನೆಯದೇ ವಿಶ್ವವಿದ್ಯಾಲಯ ಕಟ್ಟುವ ಆಸೆ ಹುಟ್ಟಿತು. ಆಗ ನಮ್ಮ ವಿಶ್ವವಿದ್ಯಾಲಯಗಳು ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿಗಳಾಗಿದ್ದವು. ಟಾಟಾ ತಮ್ಮ ಆಪ್ತರಾದ ಬುರ್ಜೋರ್‌ಜಿ ಪಾದ್‌ಷಾ ಅವರನ್ನು ಯೂರೋಪು, ಅಮೆರಿಕಗಳಿಗೆ ಕಳಿಸಿದರು. ಪಾದ್‌ಷಾ ಹಲವು ಕಡೆ ನೋಡಿ, ಮಾದರಿಯಾಗಿ ಹಿಡಿದದ್ದು ಜಾನ್ಸ್ ಹಾಪ್ಕಿನ್ಸನ್ನು. ಒಬ್ಬ ವ್ಯಾಪಾರಿಯ ದಾನ, ಪದವೀಧರರ ಓದಿಗೆ ಆದ್ಯತೆ, ಸಂಶೋಧನೆಯೇ ಗುರಿ ಎಂಬುದು ಟಾಟಾ ಅವರ ಮನಸ್ಸಿಗೂ ಒಪ್ಪುವಂಥದು.

1898ರ ಡಿಸೆಂಬರ್ 31ರಂದು, ಆಗತಾನೆ ಹಡಗಿನಿಂದಿಳಿದ ವೈಸರಾಯ್ ಕರ್ಜನ್ ಅವರ ಮುಂದೆ ಯೋಜನೆ ಇಟ್ಟರು. ಇಷ್ಟು ಮೇಲ್ಮಟ್ಟದ ಓದಿಗೆ ಭಾರತದಲ್ಲಿ ವಿದ್ಯಾರ್ಥಿಗಳು ಸಿಕ್ಕಾರೆಯೇ, ಓದಿದವರಿಗೆ ಕೆಲಸ ಎಲ್ಲಿ ಎಂಬುದು ಕರ್ಜನ್ ಅವರ ಅನುಮಾನ. ಟಾಟಾ 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡಲು ಸಿದ್ಧರಿದ್ದರೂ ಹತ್ತು ವರ್ಷ ಓಡಾಟದಲ್ಲೇ ಕಳೆಯಿತು. 1904ರಲ್ಲಿ ಟಾಟಾ ತೀರಿಕೊಂಡರು. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ 371 ಎಕರೆ ಜಮೀನು ಕೊಟ್ಟಿತು, ಹಣದ ನೆರವನ್ನೂ ನೀಡಿತು. 1909ರಲ್ಲಿ ಸ್ಥಾಪನೆಯ ಆದೇಶ, 1911ರಲ್ಲಿ ಮೊದಲ ವಿದ್ಯಾರ್ಥಿಗಳು. ಟಾಟಾ ಮನೆತನ, ಭಾರತ ಸರ್ಕಾರ, ಮೈಸೂರು ಸರ್ಕಾರ ಮೂರೂ ಸೇರಿದ್ದರಿಂದ ಅದು ಹಾಪ್ಕಿನ್ಸ್‌ನಂತೆ ಪೂರ್ತಿ ಖಾಸಗಿಯಾಗಿ ಉಳಿಯಲಿಲ್ಲ. ಬೆಂಗಳೂರಿಗರ ಬಾಯಲ್ಲಿ ಮಾತ್ರ ಭಾರತೀಯ ವಿಜ್ಞಾನ ಸಂಸ್ಥೆ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ಹಾಪ್ಕಿನ್ಸ್‌ನಲ್ಲಿ ಈಗ ಪದವಿ ವಿದ್ಯಾರ್ಥಿಗಳಿಗಿಂತ ಸ್ನಾತಕೋತ್ತರ ವಿದ್ಯಾರ್ಥಿಗಳೇ ಹೆಚ್ಚು. ಅವರಲ್ಲಿ ಎರಡು ವರ್ಗ. ಮಾಸ್ಟರ್ಸ್ ಓದುವವರು ಬಹುಮಟ್ಟಿಗೆ ತಾವೇ ಶುಲ್ಕ ತೆರುತ್ತಾರೆ, ಅದೂ ದೊಡ್ಡ ಮೊತ್ತ. ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿ, ಮೇಲೆ ತಿಂಗಳ ಭತ್ಯೆ. ನಮ್ಮ ಕಡೆಯಿಂದ ಅಮೆರಿಕಕ್ಕೆ ಹೊರಟವರ ಮನೆಗಳಲ್ಲಿ ಬ್ಯಾಂಕ್ ಸಾಲದ ಮಾತು ಬರುವುದೂ ಬಾರದಿರುವುದೂ ಬಹುಪಾಲು ಈ ವ್ಯತ್ಯಾಸದ ಮೇಲೆ. ಗಿಲ್ಮನ್ ಅವರ ಐನೂರು ಡಾಲರಿನ ತರ್ಕವನ್ನು ಅಲ್ಲಿಯ ಪಿಎಚ್.ಡಿ. ವಿದ್ಯಾರ್ಥಿಗಳು ಕೊನೆಯವರೆಗೂ ಎಳೆದರು. ನಮ್ಮದು ಕೆಲಸವೆಂದಾದರೆ ನಮಗೂ ಸಂಘ ಬೇಕು ಎಂದು 2023ರಲ್ಲಿ ಭಾರಿ ಬಹುಮತದಿಂದ ಕಾರ್ಮಿಕ ಸಂಘ ಕಟ್ಟಿಕೊಂಡರು. 2024ರ ಒಪ್ಪಂದದಂತೆ ಅವರ ಕನಿಷ್ಠ ಭತ್ಯೆ ವರ್ಷಕ್ಕೆ 47,000 ಡಾಲರ್ ಆಯಿತು.

ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಾಲ್ಟಿಮೋರಿನಿಂದ ಮಾದರಿ ಬಂತು. ಹೆಂಗಸರ ವಿಷಯದಲ್ಲಿ ಅಲ್ಲಿ ನಡೆದದ್ದೇ ಇಲ್ಲೂ ನಡೆಯಿತು. ಮುಂಬಯಿಯಲ್ಲಿ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ 1933ರಲ್ಲಿ ಇಲ್ಲಿಗೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಇಲ್ಲೇ ಓದಿದ್ದವರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಬೆಂಗಳೂರಿಗೆ ಬಂದು, ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹ ಕೂತರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತಿನ ಮೇಲೆ. ಮೊದಲ ವರ್ಷ ಆಕೆ ಪೂರ್ಣ ವಿದ್ಯಾರ್ಥಿ ಎನಿಸಿಕೊಳ್ಳುವುದಿಲ್ಲ, ಮತ್ತು ಗಂಡು ಸಂಶೋಧಕರ ಗಮನ ಕೆಡಿಸಬಾರದು. ಬ್ಯಾಸ್ಕಮ್ ಅವರ ಪರದೆ ನೆನಪಾಗುತ್ತದೆ. ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತು ಆಕೆ ಮಾಡಿದ ಕೆಲಸ ನೋಡಿ ರಾಮನ್ ಮನಸ್ಸು ಬದಲಿಸಿದರು. ಮರುವರ್ಷದಿಂದ ಹೆಣ್ಣುಮಕ್ಕಳಿಗೆ ಅಲ್ಲಿ ಬಾಗಿಲು ತೆರೆಯಿತು.

ಕಮಲಾ ಆ ಕೆಲಸದ ಮೇಲೆ 1936ರಲ್ಲಿ ಎಂ.ಎಸ್ಸಿ. ಪಡೆದದ್ದು ಮುಂಬಯಿ ವಿಶ್ವವಿದ್ಯಾಲಯದಿಂದ. ಟಾಟಾ ಇನ್‌ಸ್ಟಿಟ್ಯೂಟ್ ತಾನೇ ಪದವಿ ಕೊಡುವ ಅಧಿಕಾರ ಪಡೆದದ್ದು 1958ರಲ್ಲಿ. ಪಿಎಚ್.ಡಿ.ಗೆ ಆಕೆ ಕೇಂಬ್ರಿಜ್‌ಗೆ ಹೋದರು. ಚರ್ಚಿನ ತತ್ತ್ವಕ್ಕೆ ಸಹಿ ಹಾಕಲಿಲ್ಲವೆಂದು ಒಂದು ಶತಮಾನದ ಹಿಂದೆ ಸಿಲ್ವೆಸ್ಟರ್ ಅವರನ್ನು ಪದವಿಯಿಲ್ಲದೆ ಕಳಿಸಿದ ಕೇಂಬ್ರಿಜ್, ಕಮಲಾ ಅವರಿಗೆ 1939ರಲ್ಲಿ ಪಿಎಚ್.ಡಿ. ನೀಡಿತು.